ಉಳಿದ ಐವತ್ತೆರಡು ಕಿಲೋ

ನಮ್ಮ ಕಂಪನಿಯ ದೂರದ ವಿಮಾನ ತುಂಬಬೇಕು, ಆದರೆ ಅದರಲ್ಲಿ ಒಂದೇ ಒಂದು ಕುರ್ಚಿ ಖಾಲಿ ಉಳಿಯಬೇಕು. ಒಂದು ವರ್ಷ ನಾನು ಬೇಡಿಕೊಂಡದ್ದು ಇಷ್ಟೇ. ತುಂಬದಿದ್ದರೆ ಆ ಮಾರ್ಗವನ್ನೇ ಮುಚ್ಚುತ್ತಾರೆ. ಪೂರ್ತಿ ತುಂಬಿದರೆ ನನ್ನ ಅಕ್ಕನಿಗೆ ಜಾಗವಿಲ್ಲ. ಇಂಥ ಎಡಬಿಡಂಗಿ ಕೋರಿಕೆಯನ್ನು ಯಾವ ದೇವರು ತಾನೇ ಕಿವಿಗೆ ಹಾಕಿಕೊಂಡಾನು! ಹಾಕಿಕೊಂಡರೂ ತಲೆ ಕೆರೆದುಕೊಂಡು ಸುಮ್ಮನಾಗಿರುತ್ತಾನೆ.

ನಾನು ವೇಳಾಪಟ್ಟಿ ವಿಭಾಗದವಳು. ಯಾವ ವಿಮಾನ ಎಷ್ಟು ಹೊತ್ತಿಗೆ ಏಳಬೇಕು, ಎಷ್ಟಕ್ಕೆ ಇಳಿಯಬೇಕು, ಇಳಿದವರಿಗೆ ಮುಂದಿನ ವಿಮಾನ ಸಿಗುತ್ತದೋ ಇಲ್ಲವೋ, ಇದನ್ನೆಲ್ಲ ನಿಮಿಷ ನಿಮಿಷ ಲೆಕ್ಕ ಹಾಕಿ ಕೂರಿಸುವುದು ನನ್ನ ಹೊಟ್ಟೆಪಾಡು. ಹದಿನಾಲ್ಕು ವರ್ಷವಾಯಿತು. ನಮ್ಮ ಕಂಪನಿಯಲ್ಲಿ ಸುತ್ತಮುತ್ತಲ ಊರುಗಳಿಗೆ ಹಾರುವ ಒಂಬತ್ತು ಪುಟ್ಟ ವಿಮಾನಗಳಿವೆ. ಜೊತೆಗೆ ಒಂದೇ ಒಂದು ದೊಡ್ಡ ವಿಮಾನ, ಅದೂ ಹಳೆಯದು. ಅದು ಮಂಗಳವಾರ ಮತ್ತು ಶುಕ್ರವಾರ ಹನ್ನೊಂದು ಗಂಟೆ ಹಾರಿ ಸಾಗರದಾಚೆಯ ಮಹಾನಗರಕ್ಕೆ ಹೋಗುತ್ತದೆ, ಮಾರನೆಯ ದಿನ ಮರಳುತ್ತದೆ. ಆ ಒಂದು ವಿಮಾನವಿದ್ದುದರಿಂದಲೇ ನಾವು ಎದೆಯುಬ್ಬಿಸಿ ಓಡಾಡುತ್ತಿದ್ದೆವು. ಅದಿಲ್ಲದಿದ್ದರೆ ನಮ್ಮದು ರೆಕ್ಕೆ ಕಟ್ಟಿದ ಬಸ್ಸಿನ ಕಂಪನಿ, ಅಷ್ಟೇ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ಹೋದಾಗ ನನಗೆ ಆರು ವರ್ಷ, ಅವಳಿಗೆ ಹದಿನೈದು. ಅಂದಿನಿಂದ ನನ್ನ ತಲೆ ಬಾಚಿದವಳು, ಬೈದವಳು, ಓದಿಸಿದವಳು ಅವಳೇ. ಹೊಲಿಗೆ ಅಂಗಡಿಯಲ್ಲಿ ಕತ್ತರಿ ಹಿಡಿದು ಹಿಡಿದು ಅವಳ ಬಲಗೈ ಹೆಬ್ಬೆರಳು ಸೊಟ್ಟಗಾಗಿದೆ. ನಾನೂ ಮದುವೆಯಾಗಲಿಲ್ಲ, ಅವಳೂ ಆಗಲಿಲ್ಲ. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಜಗಳ ಆಡಿಕೊಂಡು ಸುಖವಾಗಿದ್ದೆವು. ಆಮೇಲೆ ಅವಳಿಗೆ ರಕ್ತದ ಕಾಯಿಲೆ ಬಂತು. ಮೆಟ್ಟಿಲು ಹತ್ತಲಾರದೆ ಎರಡನೇ ಮಹಡಿಯ ತಿರುವಿನಲ್ಲಿ ಕೂತುಬಿಡುತ್ತಿದ್ದಳು. ಇಲ್ಲಿನ ಡಾಕ್ಟರು ಕೈಚೆಲ್ಲಿದರು.

ಆ ಮಹಾನಗರದ ಒಂದು ಆಸ್ಪತ್ರೆಯಲ್ಲಿ ಹೊಸ ಔಷಧಿಯೊಂದನ್ನು ರೋಗಿಗಳ ಮೇಲೆ ಪರೀಕ್ಷೆ ಮಾಡುತ್ತಿದ್ದರು. ಅರ್ಜಿ ಹಾಕಿದೆ, ಅಕ್ಕನ ಹೆಸರು ಬಂತು. ಆರು ವಾರಕ್ಕೊಮ್ಮೆ ಒಂದು ಸೂಜಿ, ಒಟ್ಟು ಹನ್ನೆರಡು. ಔಷಧಿಗೆ ಕಾಸಿಲ್ಲ, ಆದರೆ ನಿಯಮ ಮಾತ್ರ ಉಕ್ಕಿನದು: ಹೇಳಿದ ದಿನಕ್ಕೆ ಮೂರು ದಿನ ಹಿಂದು ಮುಂದು ನಡೆಯುತ್ತದೆ, ಅದು ಮೀರಿದರೆ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ, ಮತ್ತೆ ಸೇರಿಸುವುದಿಲ್ಲ. ಅಲ್ಲೇ ಉಳಿದುಕೊಳ್ಳೋಣವೆಂದರೆ ಆ ದೇಶ ಒಂದು ಸಲಕ್ಕೆ ಹತ್ತು ದಿನಕ್ಕಿಂತ ಹೆಚ್ಚು ಇರಗೊಡುವುದಿಲ್ಲ. ಹೋಗಬೇಕು, ಬರಬೇಕು, ಮತ್ತೆ ಹೋಗಬೇಕು.

ಹೋಗಿ ಬರಲು ನಮಗಿದ್ದದ್ದು ನೌಕರರ ಪಾಸು. ಮದುವೆಯಾದವರು ಗಂಡನ ಹೆಸರೋ ಹೆಂಡತಿಯ ಹೆಸರೋ ಬರೆಯುವ ಜಾಗದಲ್ಲಿ ನಾನು ಅಕ್ಕನ ಹೆಸರು ಬರೆದಿದ್ದೆ. ಪಾಸಿನ ಕರಾರು ಏನೆಂದರೆ, ದುಡ್ಡು ಕೊಟ್ಟವರೆಲ್ಲ ಹತ್ತಿದ ಮೇಲೆ ಜಾಗ ಮಿಕ್ಕರೆ ಹತ್ತಬಹುದು. ಮಿಗದಿದ್ದರೆ ಮನೆಗೆ.

"ಪಂಕ್ತಿ ಎಲ್ಲಾ ಎದ್ದ ಮೇಲೆ ಊಟಕ್ಕೆ ಕೂರೋ ಜಾತಿ ನಾವು," ಎನ್ನುತ್ತಿದ್ದಳು ಅಕ್ಕ. "ಆದ್ರೂ ಊಟ ಊಟಾನೇ ಅಲ್ವೇನೇ."

ಎರಡನೇ ಸೂಜಿಯಾದ ಮೇಲೆ ಒಂದು ದಿನ ಅವಳು ಮೂರು ಮಹಡಿಯನ್ನೂ ನಿಲ್ಲದೆ ಹತ್ತಿ ಬಂದು, ಬಾಗಿಲಲ್ಲಿ ನಿಂತು, "ನೋಡೇ!" ಎಂದಳು. ಅಷ್ಟೇ ಅಂದಳು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಅದೇ ತಿಂಗಳು ನಮ್ಮ ವಿಮಾನಕ್ಕೆ ಶನಿ ಹಿಡಿಯಿತು.

ಆ ಮಹಾನಗರದಲ್ಲಿ ನೂರಾರು ವಿಮಾನಗಳಿರುವ ಒಂದು ಕಂಪನಿಯಿದೆ. ನಾವು ಅದನ್ನು ದೊಡ್ಡಣ್ಣ ಎನ್ನುತ್ತಿದ್ದೆವು. ನಮ್ಮ ವಿಮಾನದಲ್ಲಿ ಹೋಗುವವರ ಪೈಕಿ ಆ ನಗರದಲ್ಲೇ ಕೆಲಸವಿದ್ದವರು ಮೂರರಲ್ಲಿ ಒಬ್ಬರು. ಉಳಿದವರು ಅಲ್ಲಿಳಿದು ದೊಡ್ಡಣ್ಣನ ವಿಮಾನ ಹತ್ತಿ ಇಪ್ಪತ್ತಮೂರು ಊರುಗಳಿಗೆ ಚದುರುವವರು. ಎಲ್ಲಕ್ಕೂ ಸೇರಿ ಒಂದೇ ಟಿಕೆಟ್ಟು. ಪೆಟ್ಟಿಗೆ ಇಲ್ಲಿ ಕೊಟ್ಟರೆ ಕೊನೆಯ ಊರಿನಲ್ಲಿ ಸಿಗುತ್ತಿತ್ತು. ನಮ್ಮ ದೂರದ ಮಾರ್ಗ ಬದುಕಿದ್ದದ್ದೇ ಆ ಇಪ್ಪತ್ತಮೂರು ಊರುಗಳಿಂದ.

ಆಮೇಲೆ ದೊಡ್ಡಣ್ಣ ಕೂಟ ಸೇರಿದ. ಕೂಟ ಎಂದರೆ ಬೇರೆ ಬೇರೆ ದೇಶಗಳ ದೊಡ್ಡ ಕಂಪನಿಗಳು ಸೇರಿ ಮಾಡಿಕೊಂಡ ಒಪ್ಪಂದ. ನಿನ್ನ ಪ್ರಯಾಣಿಕ ನನಗೆ, ನನ್ನವನು ನಿನಗೆ, ಹೊರಗಿನವನು ಯಾರಿಗೂ ಬೇಡ. ಪಕ್ಕದ ದೇಶದ ದೊಡ್ಡ ನಿಲ್ದಾಣದಲ್ಲಿ ಕೂಟದ ಇನ್ನೊಬ್ಬ ಸದಸ್ಯನಿದ್ದ. ನಮ್ಮ ಊರಿನವರು ಆ ಇಪ್ಪತ್ತಮೂರು ಊರಿಗೆ ಹೋಗಬೇಕಾದರೆ ಇನ್ನು ಮೇಲೆ ಅವನ ಮೂಲಕ ಬರಲಿ ಎಂದು ಅವರವರೇ ತೀರ್ಮಾನಿಸಿಕೊಂಡರು. ನಮಗೆ ಬಂದದ್ದು ನಾಲ್ಕು ಸಾಲಿನ ಕಾಗದ. ಆನೆ ನಡೆದದ್ದೇ ದಾರಿ. ನೂರೆಪ್ಪತ್ತು, ನೂರೆಂಬತ್ತು ಜನ ಹೋಗುತ್ತಿದ್ದ ವಿಮಾನದಲ್ಲಿ ಮೂರು ತಿಂಗಳಿಗೆ ಎಂಬತ್ತು ಜನ ಉಳಿದರು. ಅಕ್ಕನಿಗೆ ಮಾತ್ರ ಪ್ರತಿ ಸಲವೂ ಕಿಟಕಿ ಪಕ್ಕದ ಕುರ್ಚಿ. ಕಂಪನಿ ಮುಳುಗುತ್ತಿರುವಾಗ ನಾನು ಒಳಗೊಳಗೇ ಖುಷಿಪಟ್ಟೆ. ಸುಳ್ಳೇಕೆ ಹೇಳಲಿ, ಪಟ್ಟೆ.

ಮಾರ್ಗ ಮುಚ್ಚುವ ಮಾತು ಬಂದಾಗ ಖುಷಿ ಇಳಿಯಿತು. ಆಗ ನನ್ನ ಮೇಲಧಿಕಾರಿ, ನಾವು ಸಾಹೇಬರು ಎನ್ನುವವರು, ಹೋಗಿ ಬಂದು, ಅವರ ಬಾಗಿಲು ಕಾದು, ಕೂಟದಿಂದ ಒಂದು ಕರಾರು ತಂದರು. ದೊಡ್ಡಣ್ಣ ಮತ್ತೆ ನಮ್ಮ ಪ್ರಯಾಣಿಕರನ್ನು ಒಯ್ಯುತ್ತಾನೆ, ಆದರೆ ಮೂರು ಷರತ್ತು. ನಮ್ಮ ವಿಮಾನ ಅವನ ಸಂಜೆಯ ವಿಮಾನಗಳ ಗುಂಪಿಗೆ ಸರಿಯಾಗಿ ಮುಟ್ಟಬೇಕು. ಹೊಟ್ಟೆಯೊಳಗಿನ ಸರಕಿನ ಜಾಗದಲ್ಲಿ ಮೊದಲ ಹಕ್ಕು ಅವನದು. ನಾವು ತಡವಾಗಿ ಹೋಗಿ ಪ್ರಯಾಣಿಕರಿಗೆ ಮುಂದಿನ ವಿಮಾನ ತಪ್ಪಿದರೆ ಮೊದಲ ಸಲ ಕ್ಷಮೆ, ಎರಡನೆಯ ಸಲ ಎಚ್ಚರಿಕೆ, ಮೂರನೆಯ ಸಲಕ್ಕೆ ಕರಾರು ರದ್ದು.

"ಹೊಂದಿಸ್ತೀರಾ?" ಎಂದು ಕೇಳಿದರು ಸಾಹೇಬರು.

"ಕಣ್ಣು ಮುಚ್ಚಿಕೊಂಡು ಹೊಂದಿಸ್ತೀನಿ ಸಾರ್," ಎಂದೆ. ಹಾಗೇ ಮಾಡಿದೆ ಕೂಡ. ಕಣ್ಣು ಮುಚ್ಚಿಕೊಂಡೇ.

ಮೊದಲು ನಮ್ಮ ವಿಮಾನ ಬೆಳಗಿನ ಆರೂವರೆಗೆ ಏಳುತ್ತಿತ್ತು. ಅಲ್ಲಿನ ಗಡಿಯಾರ ನಮಗಿಂತ ಒಂಬತ್ತು ಗಂಟೆ ಹಿಂದೆ, ಹಾಗಾಗಿ ದೊಡ್ಡಣ್ಣನ ಸಂಜೆಯ ಗುಂಪಿಗೆ ಮುಟ್ಟಬೇಕಾದರೆ ನಮ್ಮಲ್ಲಿ ಮಧ್ಯಾಹ್ನ ಎರಡು ನಲವತ್ತಕ್ಕೆ ಏಳಬೇಕು. ಮೂರು ದಿನ ಕೂತು ಸಿಬ್ಬಂದಿಯ ಪಾಳಿ, ನಿಲ್ದಾಣದ ಸರದಿ, ಇಳಿಯುವ ಹೊತ್ತು ಎಲ್ಲವನ್ನೂ ಜೋಡಿಸಿದೆ. ಇಳಿದು ಮುಂದಿನ ವಿಮಾನ ಹತ್ತಲು ಎಪ್ಪತ್ತು ನಿಮಿಷ. ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಗೋಡೆಯ ಪಟ್ಟಿಯ ಮೇಲೆ ಆ ಉದ್ದನೆಯ ನೀಲಿ ಗೆರೆಯನ್ನು ಬೆಳಗಿನಿಂದ ಮಧ್ಯಾಹ್ನಕ್ಕೆ ಎಳೆದು, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಭಲೇ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕಾಗದ ಕೆಳಗಿನ ಮಹಡಿಗೆ ಹೋಯಿತು. ಅಲ್ಲಿ ಕೂರುವವರು ತೂಕದ ಮೇಷ್ಟ್ರು. ಪಾಠ ಮಾಡುವ ಮೇಷ್ಟ್ರಲ್ಲ. ಪ್ರತಿ ವಿಮಾನ ಎಷ್ಟು ಭಾರ ಹೊರಬಹುದು ಎಂದು ಲೆಕ್ಕ ಹಾಕಿ ಸಹಿ ಮಾಡುವವರು. ಅವರ ಸಹಿಯಿಲ್ಲದೆ ಬಾಗಿಲು ಮುಚ್ಚುವಂತಿಲ್ಲ. ತಪ್ಪು ಕಂಡರೆ ಪೈಲಟ್ಟನನ್ನೂ ಬೆಂಚಿನ ಮೇಲೆ ನಿಲ್ಲಿಸುವವರ ಹಾಗೆ ಗದರುತ್ತಾರೆ, ಅದಕ್ಕೇ ಆ ಹೆಸರು. ಅವರು ಫೋನ್ ಮಾಡಿದರು.

"ಮೇಡಂ, ಮಧ್ಯಾಹ್ನಕ್ಕೆ ತಂದಿದ್ದೀರಿ. ಬೇಸಿಗೆಗೆ ನೋಡಿದ್ದೀರಾ?"

"ಬೇಸಿಗೆಗೆ ಇನ್ನೂ ಐದು ತಿಂಗಳಿದೆ ಮೇಷ್ಟ್ರೇ. ಮಾರ್ಗ ಉಳಿದ್ರೆ ತಾನೇ ಬೇಸಿಗೆ?"

"ಅದೂ ಸರೀನೇ," ಎಂದು ಅವರು ಫೋನ್ ಇಟ್ಟರು.

ನನಗೆ ತಿಳಿಯದ ವಿಷಯವೇನಲ್ಲ. ಬಿಸಿಲು ಏರಿದಷ್ಟೂ ಗಾಳಿ ತೆಳುವಾಗುತ್ತದೆ, ತೆಳು ಗಾಳಿಯಲ್ಲಿ ವಿಮಾನಕ್ಕೆ ಎತ್ತುವ ಶಕ್ತಿ ಕಡಿಮೆ. ನಮ್ಮ ರನ್‌ವೇ ಗಿಡ್ಡ, ವಿಮಾನ ಮುದಿ, ಹನ್ನೊಂದು ಗಂಟೆಯ ಇಂಧನ ಬೇರೆ. ಬೆಳಗಿನ ಆರೂವರೆಯ ತಂಪಿನಲ್ಲಿ ಇದ್ಯಾವುದೂ ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ತಲೆನೋವಾಗಿರಲಿಲ್ಲ. ವೇಳಾಪಟ್ಟಿಯವರಿಗೆ ನಿಮಿಷ ಕಾಣುತ್ತದೆ, ಬಿಸಿಲು ಕಾಣುವುದಿಲ್ಲ. ನಾನು ಎಪ್ಪತ್ತು ನಿಮಿಷಕ್ಕೆ ಜೋತುಬಿದ್ದು ಸೂರ್ಯನನ್ನೇ ಮರೆತೆ.

ಚಳಿಗಾಲದಲ್ಲಿ ವಿಮಾನ ತುಂಬಿತು. ಇನ್ನೂರ ಹತ್ತು ಕುರ್ಚಿಯಲ್ಲಿ ನೂರ ತೊಂಬತ್ತು, ನೂರ ತೊಂಬತ್ತೈದು. ಅಕ್ಕ ಆರನೆಯ, ಏಳನೆಯ, ಎಂಟನೆಯ, ಒಂಬತ್ತನೆಯ ಸೂಜಿಗೆ ಹೋಗಿ ಬಂದಳು. ಪ್ರತಿ ಸಲ ಕೌಂಟರು ಮುಚ್ಚುವವರೆಗೂ ನನ್ನ ಜೀವ ಬಾಯಿಗೆ ಬಂದಿರುತ್ತಿತ್ತು, ಪ್ರತಿ ಸಲ ಜಾಗ ಸಿಕ್ಕಿತು. ಇನ್ನು ಮೂರೇ ಸೂಜಿ.

ಹತ್ತನೆಯ ಸೂಜಿಯ ದಿನ ಬುಧವಾರಕ್ಕೆ ಬಿತ್ತು. ಶನಿವಾರ ಸಂಜೆಯವರೆಗೆ ಗಡುವು. ಮಂಗಳವಾರ ಬಿಸಿಲು ನಲವತ್ತು ಮುಟ್ಟಿತು. ವಿಮಾನದಲ್ಲಿ ಇಪ್ಪತ್ತಾರು ಕುರ್ಚಿ ಖಾಲಿ ಇದ್ದವು, ಅಕ್ಕನಿಗೆ ಒಂದೂ ಇರಲಿಲ್ಲ. ಕಣ್ಣಿಗೆ ಕಾಣುವ ಕುರ್ಚಿ ಅದು, ಆದರೆ ಕೂರುವಂತಿಲ್ಲ, ಕೂತರೆ ಭಾರ. ಅಕ್ಕ ಬ್ಯಾಗು ಹಿಡಿದು ಮನೆಗೆ ಬಂದಳು.

"ಶುಕ್ರವಾರ ಇದೆಯಲ್ಲ," ಎಂದಳು.

ನಾನು ಬುಧವಾರ ಹುಚ್ಚಿಯ ಹಾಗೆ ಓಡಾಡಿದೆ. ನಮ್ಮ ಶುಕ್ರವಾರದ ವಿಮಾನಕ್ಕೆ ಟಿಕೆಟ್ಟು ಮಾರುವುದನ್ನು ತೂಕದ ಕಾರಣಕ್ಕೆ ಆಗಲೇ ನಿಲ್ಲಿಸಿದ್ದರು. ಕೂಟದ ವಿಮಾನದಲ್ಲಿ ಪಕ್ಕದ ದೇಶದ ಮೂಲಕ ಪೂರ್ತಿ ಟಿಕೆಟ್ಟು ಕೊಂಡೇ ಕಳಿಸೋಣವೆಂದು ಹೊರಟೆ. ಆ ನಿಲ್ದಾಣದಲ್ಲಿ ವಿಮಾನ ಬದಲಿಸಲು ಆ ದೇಶದ ಅನುಮತಿ ಬೇಕು, ಅದಕ್ಕೆ ಹತ್ತು ದಿನ. ಆಸ್ಪತ್ರೆಗೆ ಫೋನ್ ಮಾಡಿ ಇನ್ನು ನಾಲ್ಕು ದಿನ ಬೇಡಿದೆ. ಅಲ್ಲಿನ ಹೆಂಗಸು ಬಹಳ ಮರ್ಯಾದೆಯಿಂದ, ಸಾಧ್ಯವಿಲ್ಲ ಎಂದಳು. ಉಳಿದದ್ದು ಶುಕ್ರವಾರ ಒಂದೇ.

ಶುಕ್ರವಾರ ಬೆಳಿಗ್ಗೆ ಕಣ್ಣು ಬಿಟ್ಟವಳೇ ಕಿಟಕಿಗೆ ಓಡಿದೆ. ಆಕಾಶ ತೊಳೆದಿಟ್ಟ ಹಾಗಿತ್ತು. ಒಂದು ಚೂರು ಮೋಡವಿಲ್ಲ. ಇಷ್ಟು ವರ್ಷ ಶುಭ್ರ ಆಕಾಶ ಕಂಡರೆ ಹಾಯೆನಿಸುತ್ತಿತ್ತು, ಅವತ್ತು ಪರದೆ ಎಳೆದುಬಿಟ್ಟೆ.

ಮಧ್ಯಾಹ್ನ ಒಂದೂವರೆಗೆ ಅಕ್ಕನನ್ನು ಕೌಂಟರಿನ ಪಕ್ಕದ ಬೆಂಚಿನ ಮೇಲೆ ಕೂರಿಸಿ, ಎರಡೂವರೆಗೆ ಮೇಷ್ಟ್ರ ಕೋಣೆಗೆ ಹೋದೆ. ಅವರ ಕೋಣೆ ವಿಮಾನ ನಿಲ್ಲುವ ಅಂಗಳಕ್ಕೆ ಅಂಟಿಕೊಂಡಿದೆ. ಗಾಜಿನಾಚೆ ನಮ್ಮ ಮುದಿ ವಿಮಾನ ಬಿಸಿಲಿನಲ್ಲಿ ಬೇಯುತ್ತ ನಿಂತಿತ್ತು. ಮೇಷ್ಟ್ರು ತಲೆ ಎತ್ತಲಿಲ್ಲ.

"ಮೂವತ್ತೊಂಬತ್ತು ಡಿಗ್ರಿ. ನೂರ ಎಂಬತ್ತೆಂಟು ಜನಕ್ಕೆ ಅವಕಾಶ. ಟಿಕೆಟ್ ತಗೊಂಡು ಬಂದಿರೋರೇ ನೂರ ತೊಂಬತ್ತೆರಡು. ನಾಲ್ಕು ಜನರನ್ನ ಕೆಳಗೆ ನಿಲ್ಲಿಸಿದ್ದೀವಿ, ಗಲಾಟೆ ಮಾಡ್ತಿದ್ದಾರೆ."

"ಅಂದ್ರೆ ಅಕ್ಕ ಐದನೆಯವಳು."

"ಐದನೆಯವರು."

"ಸರಕು ಇಳಿಸಿ ಮೇಷ್ಟ್ರೇ. ಮೂರು ಟನ್ ಇದೆಯಲ್ಲ ಹೊಟ್ಟೇಲಿ!"

"ಕೂಟದ ಸರಕು. ಅವರ ಕಾಗದ ಬೇಕು. ಕೇಳಿ ಕೇಳಿ ಸಾಕಾಯ್ತು, ಯಾರೂ ಫೋನ್ ಎತ್ತಲ್ಲ. ಅವರಿಗೀಗ ಬೆಳಗಿನ ಜಾವ." ಅವರು ಕನ್ನಡಕ ತೆಗೆದು ಒರೆಸಿದರು. "ಒಂದೇ ದಾರಿ. ಪಡುವಣದಿಂದ ಮೋಡ ಬರ್ತಿದೆ ಅಂತ ಹವಾಮಾನದವರು ಹೇಳ್ತಿದ್ದಾರೆ. ಒಂದು ನಲವತ್ತು ನಿಮಿಷ ಕಾದ್ರೆ ಎರಡು ಡಿಗ್ರಿ ಇಳೀಬಹುದು. ಎರಡು ಇಳಿದ್ರೆ ಎಂಟು ಜನಕ್ಕೆ ಜಾಗ. ಆದ್ರೆ ಕಾಯೋಕೆ ಅಪ್ಪಣೆ ಬೇಕು."

ದೂರದ ವಿಮಾನವನ್ನು ಹದಿನೈದು ನಿಮಿಷಕ್ಕಿಂತ ಹೆಚ್ಚು ತಡೆಯಬೇಕಾದರೆ ವೇಳಾಪಟ್ಟಿ ವಿಭಾಗದ ಅಪ್ಪಣೆ ಬೇಕು ಎಂಬ ನಿಯಮ ಬರೆದವಳು ನಾನೇ. ಕೊಡಬೇಕಾದ ಸಾಹೇಬರು ಕೂಟದ ಸಭೆಗೆಂದು ಹೊರಟು ಎಲ್ಲೋ ಆಕಾಶದಲ್ಲಿದ್ದರು. ಅವರಿಲ್ಲದಾಗ ಅಪ್ಪಣೆ ನನ್ನದು. ಸರಕು ನನ್ನ ಕೈಯಲ್ಲಿರಲಿಲ್ಲ. ಹೊತ್ತು ನನ್ನ ಕೈಯಲ್ಲಿತ್ತು.

ನಲವತ್ತು ನಿಮಿಷ ತಡವಾದರೆ ಎಪ್ಪತ್ತು ನಿಮಿಷದಲ್ಲಿ ಉಳಿಯುವುದು ಮೂವತ್ತು. ಮೂವತ್ತು ನಿಮಿಷದಲ್ಲಿ ಆ ನಿಲ್ದಾಣದಲ್ಲಿ ಯಾರೂ ಒಂದು ವಿಮಾನದಿಂದ ಇನ್ನೊಂದಕ್ಕೆ ಮುಟ್ಟುವುದಿಲ್ಲ. ಈ ಬೇಸಿಗೆಯಲ್ಲಿ ಆಗಲೇ ಎರಡು ಸಲ ತಪ್ಪಿತ್ತು. ಇದು ಮೂರನೆಯದು. ಕರಾರು ಹೋಗುತ್ತದೆ, ಕರಾರಿನ ಹಿಂದೆ ಮಾರ್ಗ ಹೋಗುತ್ತದೆ, ಮಾರ್ಗದ ಹಿಂದೆ ಆ ವಿಮಾನ ನಂಬಿಕೊಂಡ ನೂರಿಪ್ಪತ್ತು ಜನರ ಕೆಲಸ. ಅದರಲ್ಲಿ ಮೇಷ್ಟ್ರ ಮಗಳೂ ಒಬ್ಬಳು, ಗಗನಸಖಿ. ಅಕ್ಕನ ಹನ್ನೊಂದನೆಯ, ಹನ್ನೆರಡನೆಯ ಸೂಜಿಗೂ ಆಗ ವಿಮಾನವಿರುವುದಿಲ್ಲ. ಆದರೆ ಇವತ್ತು ಹೋಗದಿದ್ದರೆ ಹನ್ನೊಂದೂ ಇಲ್ಲ, ಹನ್ನೆರಡೂ ಇಲ್ಲ. ಅತ್ತ ದರಿ, ಇತ್ತ ಪುಲಿ. ನಾನು ಹೆಚ್ಚು ಯೋಚಿಸಿದೆ ಎಂದು ಹೇಳಿಕೊಂಡರೆ ಅದು ಬೂಟಾಟಿಕೆ. ನನ್ನ ಕಣ್ಣಿಗೆ ಕಂಡದ್ದು ಮೆಟ್ಟಿಲ ತಿರುವಿನಲ್ಲಿ ಗೋಡೆಗೊರಗಿ ಕೂತ ಅಕ್ಕ.

"ನಿಲ್ಲಿಸಿ," ಎಂದೆ.

"ಯೋಚನೆ ಮಾಡಿ ಹೇಳಿ ಮೇಡಂ."

"ಕೆಳಗೆ ನಿಂತಿರೋ ನಾಲ್ಕು ಜನ ಪ್ರಯಾಣಿಕರಿಗೋಸ್ಕರ ಅಂತ ಬರ್ಕೊಳ್ಳಿ. ನಲವತ್ತು ನಿಮಿಷ. ಸಹಿ ನಾನು ಹಾಕ್ತೀನಿ."

ಅವರು ನನ್ನನ್ನೇ ನೋಡಿದರು. ಅವರಿಗೆ ಗೊತ್ತಿತ್ತು. ಮಗಳ ವಿಷಯ ಒಂದು ಮಾತೂ ಎತ್ತದೆ ಕಾಗದವನ್ನು ನನ್ನ ಕಡೆ ತಳ್ಳಿದರು. ನಾನು ಹಾಕಿದ ಸಹಿ ಬೇರೆಯವರ ಸಹಿಯಂತೆ ಕಾಣಿಸಿತು.

ಆ ನಲವತ್ತು ನಿಮಿಷ ನಾವಿಬ್ಬರೂ ಪರದೆಯ ಮೇಲಿನ ಒಂದೇ ಅಂಕಿಯನ್ನು ನೋಡುತ್ತ ಕೂತೆವು. ಮೂವತ್ತೊಂಬತ್ತು. ಮೂವತ್ತೊಂಬತ್ತು. ವಿಮಾನದೊಳಗೆ ಕೂತವರು ಗೊಣಗುತ್ತಿದ್ದಾರೆಂದು ಮೇಲಿಂದ ಮೇಲೆ ಫೋನು. ಎರಡು ಐವತ್ತೈದಕ್ಕೆ ಅಂಗಳದ ಅಂಚಿನಲ್ಲಿ ನೆರಳು ಬಿತ್ತು. ಎದ್ದು ನಿಂತೆ. ನಿಜವಾಗಿಯೂ ಮೋಡ! ಬೂದು ಬಣ್ಣದ ದಪ್ಪ ಮೋಡವೊಂದು ಸೂರ್ಯನ ಮೇಲೆ ಬಂದು ಕೂತಿತು. ಮೂರು ಗಂಟೆ ಎರಡು ನಿಮಿಷಕ್ಕೆ ಅಂಕಿ ಮೂವತ್ತೆಂಟಾಯಿತು. ನಾನು ಮೇಷ್ಟ್ರ ಭುಜ ಹಿಡಿದು ಅಲ್ಲಾಡಿಸಿದೆ. "ಇನ್ನೊಂದು, ಇನ್ನೊಂದೇ ಒಂದು," ಎಂದು ಬಾಯಿ ತಾನಾಗಿಯೇ ಹೇಳುತ್ತಿತ್ತು.

ಮೋಡ ಸರಿಯಿತು. ಬಿಸಿಲು ಮತ್ತೆ ಬಂತು. ಅಂಕಿ ಏರಲೂ ಇಲ್ಲ, ಇಳಿಯಲೂ ಇಲ್ಲ.

ಮೂರು ಹನ್ನೆರಡಕ್ಕೆ ಮೇಷ್ಟ್ರು ಬೆರಳು ಕೀಲಿಮಣೆಯ ಮೇಲಿಟ್ಟರು. "ಇನ್ನು ಆಗಲ್ಲ. ರನ್‌ವೇ ಸರದಿ ಮೂರು ಇಪ್ಪತ್ತಕ್ಕೆ. ಅದು ತಪ್ಪಿದ್ರೆ ಇನ್ನೊಂದು ಗಂಟೆ, ಅಷ್ಟರಲ್ಲಿ ಪೈಲಟ್‌ಗಳ ಪಾಳಿ ಮುಗಿಯುತ್ತೆ." ಲೆಕ್ಕ ಹಾಕಿದರು. "ಪೆಟ್ಟಿಗೆ ಸಮೇತ ನಾಲ್ಕು ಜನ. ಆ ನಾಲ್ವರನ್ನ ಹತ್ತಿಸ್ತೀನಿ."

"ಆಮೇಲೆ? ಎಷ್ಟು ಉಳೀತು?"

"ಐವತ್ತೆರಡು ಕಿಲೋ."

"ಹೆಂಗಸಿಗೆ ಎಷ್ಟು ಹಿಡೀತೀರಾ?"

"ಎಪ್ಪತ್ತು. ನಿಮಗೆ ಗೊತ್ತಲ್ಲ."

ಗೊತ್ತಿತ್ತು. ವಿಮಾನಕ್ಕೆ ಹತ್ತುವವರನ್ನು ಯಾರೂ ತೂಗುವುದಿಲ್ಲ. ಗಂಡಸು ಎಂದರೆ ಇಷ್ಟು, ಹೆಂಗಸು ಎಂದರೆ ಎಪ್ಪತ್ತು, ಮಗು ಎಂದರೆ ಮೂವತ್ತೈದು. ಡೊಳ್ಳುಹೊಟ್ಟೆಯವನೂ ನರಪೇತಲನೂ ಅಲ್ಲಿ ಒಂದೇ. ಹದಿನಾಲ್ಕು ವರ್ಷ ಅದು ಬುದ್ಧಿವಂತ ಏರ್ಪಾಡು ಎಂದುಕೊಂಡಿದ್ದೆ.

"ನಮ್ಮಕ್ಕ ನಲವತ್ತೊಂದು ಕಿಲೋ ಇದ್ದಾಳೆ," ಎಂದೆ. "ನಿನ್ನೆ ತೂಕ ನೋಡಿದ್ದೀನಿ. ನಲವತ್ತೊಂದು. ಬ್ಯಾಗು ಬೇಡ, ಉಟ್ಟ ಬಟ್ಟೇಲಿ ಹೋಗ್ಲಿ. ಹನ್ನೊಂದು ಕಿಲೋ ಇನ್ನೂ ಮಿಗುತ್ತೆ ಮೇಷ್ಟ್ರೇ!"

"ಲೆಕ್ಕದಲ್ಲಿ ಎಪ್ಪತ್ತೇ."

"ಮಗು ಅಂತ ಬರ್ಕೊಳ್ಳಿ. ಮೂವತ್ತೈದು. ನಿಮ್ಮ ದಮ್ಮಯ್ಯ ಅಂತೀನಿ, ಮಗು ಅಂತ ಬರೆದುಬಿಡಿ. ಯಾರು ನೋಡ್ತಾರೆ?"

ಅವರ ಬೆರಳು ಕೀಲಿಮಣೆಯ ಮೇಲೆ ನಿಂತೇ ಇತ್ತು. ಬರೆಯುತ್ತಾರೆ ಎನಿಸಿತು. ಒಂದು ಕ್ಷಣ ಖಂಡಿತ ಬರೆಯುತ್ತಿದ್ದರು, ಅದನ್ನು ಅವರ ಮುಖದಲ್ಲಿ ನೋಡಿದೆ. ಆಮೇಲೆ ಕೈ ಹಿಂದೆಗೆದುಕೊಂಡರು.

"ಮೂವತ್ತೊಂದು ವರ್ಷ ಆಯ್ತು ತಾಯಿ. ಇಲ್ಲದ ಮಗೂನ ಒಂದು ಸಲಾನೂ ಬರೆದಿಲ್ಲ. ಇವತ್ತು ನಿಮ್ಮಕ್ಕನಿಗೆ ಬರೆದ್ರೆ, ನಾಳೆ ಯಾರಿಗೋ ಬರೀತೀನಿ. ನಾನು ಬರೆದಿದ್ದನ್ನ ನಂಬಿಕೊಂಡು ಆ ಪೈಲಟ್ ಓಡಿಸ್ತಾನೆ." ಅವರು ಗಾಜಿನಾಚೆ ಕೈ ತೋರಿಸಿದರು. "ನನ್ನ ಮಗಳೂ ಅದರಲ್ಲೇ ಇದ್ದಾಳೆ ಇವತ್ತು."

"ಹನ್ನೊಂದು ಕಿಲೋ ಮಿಗುತ್ತೆ!" ಎಂದು ನಾನು ಕಿರುಚಿದೆ. ಬಾಯಿಗೆ ಬಂದ ಹಾಗೆ ಬೈದೆ. ಕಲ್ಲು, ಕಟುಕ, ನಿಮ್ಮ ನಿಯಮಕ್ಕಿಷ್ಟು ಬೆಂಕಿ ಬೀಳಲಿ ಎಂದೆಲ್ಲ ಅಂದೆ. ಅವರು ಸಹಿ ಮಾಡಿ ಕಾಗದ ಕಳಿಸಿದರು. ಮೂರು ಇಪ್ಪತ್ತಕ್ಕೆ ವಿಮಾನ ಹೊರಟಿತು. ರನ್‌ವೇಯ ತುತ್ತತುದಿಯವರೆಗೂ ಓಡಿ, ಇನ್ನೇನು ಬೇಲಿಗೆ ತಾಗಿತು ಎನ್ನುವಾಗ ಎದ್ದಿತು. ಒಳಗೆ ಹದಿನೆಂಟು ಕುರ್ಚಿ ಖಾಲಿ.

ಅಕ್ಕ ಬೆಂಚಿನ ಮೇಲೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನ್ನ ಮುಖ ನೋಡಿದ ಕೂಡಲೇ ಎದ್ದಳು.

"ನಡಿ, ಬಸ್ಸಿಗೆ ರಶ್ಶಾಗುತ್ತೆ," ಎಂದಳು.

ಬಸ್ಸಿನಲ್ಲಿ ಎಲ್ಲವನ್ನೂ ಹೇಳಿದೆ. ನಿಲ್ಲಿಸಿದ್ದು, ಸಹಿ ಹಾಕಿದ್ದು, ಇನ್ನು ಮಾರ್ಗವೇ ಇರುವುದಿಲ್ಲ ಎನ್ನುವುದು. ಅವಳು ನನ್ನ ಕಡೆ ತಿರುಗಿದಳು. ಅವಳಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಚಿಕ್ಕವಳಿದ್ದಾಗಿನಿಂದ ನೋಡಿರಲಿಲ್ಲ.

"ನನ್ನ ಒಂದು ಮಾತು ಕೇಳಿದ್ಯಾ? ಬೆಂಚ್ ಮೇಲೇ ಕೂತಿದ್ನಲ್ಲ, ಐವತ್ತು ಹೆಜ್ಜೆ ದೂರದಲ್ಲಿ. ಅಷ್ಟು ಜನರ ಅನ್ನ ಕಿತ್ಕೊಂಡು ನಾನು ಸೂಜಿ ಚುಚ್ಚಿಸ್ಕೋಬೇಕಿತ್ತಾ?"

"ಕೇಳಿದ್ರೆ ಬೇಡ ಅಂತಿದ್ದೆ."

"ಅಂತಿದ್ದೆ ಕಣೇ! ಅದಕ್ಕೇ ಕೇಳ್ಬೇಕಿತ್ತು."

ಎರಡು ನಿಲ್ದಾಣ ಕಳೆದವು. ಆಮೇಲೆ ನಾನು, "ಮಗು ಅಂತ ಬರ್ಕೊಳ್ಳಿ ಅಂದೆ," ಎಂದೆ.

"ಯಾರನ್ನ?"

"ನಿನ್ನನ್ನ. ಮೂವತ್ತೈದು ಕಿಲೋ ಲೆಕ್ಕ."

ಅವಳಿಗೆ ನಗು ಬಂತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. "ನಲವತ್ತೇಳು ವರ್ಷದ ಮಗು! ಚೀಪೋಕೆ ಪೆಪ್ಪರ್ಮೆಂಟೂ ಕೊಡಿಸ್ತಿದ್ರೇನೋ," ಎಂದು ಬಸ್ಸಿನಲ್ಲಿ ಎಲ್ಲರೂ ತಿರುಗಿ ನೋಡುವಷ್ಟು ನಕ್ಕಳು. ನಕ್ಕು ನಕ್ಕು, ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. "ನಂಗೆ ಇನ್ನೂ ಬದುಕಬೇಕು ಅಂತಿತ್ತು ಕಣೇ," ಎಂದಳು. ನಾನು ಅವಳ ಸೊಟ್ಟ ಹೆಬ್ಬೆರಳು ಹಿಡಿದುಕೊಂಡು ಕೂತೆ.

ಆ ದಿನ ನೂರ ಮೂವತ್ತು ಜನರಿಗೆ ಮುಂದಿನ ವಿಮಾನ ತಪ್ಪಿತು. ಸೋಮವಾರ ಕೂಟದ ಕಾಗದ ಬಂತು, ಆಸ್ಪತ್ರೆಯದೂ ಬಂತು. ಎರಡರಲ್ಲೂ ವಿಷಾದ ಎಂಬ ಪದವಿತ್ತು. ಸಾಹೇಬರು ಕರೆದು ಕೇಳಿದರು, ನಿಜ ಹೇಳಿದೆ. ಅವರು ಕೂಟದ ಕಾಗದವನ್ನು ಮಡಚಿಟ್ಟು, "ಇದಲ್ದಿದ್ರೆ ಮುಂದಿನ ವರ್ಷ ಇನ್ನೊಂದು ನೆಪ ಹುಡುಕ್ತಿದ್ರು. ಅವರಿಗೆ ನಾವು ಬೇಕಿರಲಿಲ್ಲ," ಎಂದರು. ಅದು ಸಮಾಧಾನವೋ ಛೀಮಾರಿಯೋ ನನಗೆ ಇಂದಿಗೂ ತಿಳಿದಿಲ್ಲ. ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೆ ಚೆನ್ನಾಗಿತ್ತು. ಮೇಷ್ಟ್ರ ಮಗಳಿಗೆ, ಉಳಿದ ನೂರ ಹತ್ತೊಂಬತ್ತು ಜನಕ್ಕೆ ನೋ‍ಟೀಸು ಟೈಪ್ ಆಗುವಾಗ ನಾನು ಅದೇ ಮಹಡಿಯಲ್ಲಿ ಕೂತು ನೀಲಿ ಗೆರೆಯನ್ನು ಮುಂದಿನ ತಿಂಗಳುಗಳ ಪಟ್ಟಿಯಿಂದ ಅಳಿಸುತ್ತಿದ್ದೆ.

ಮಾರ್ಗಕ್ಕೆ ಆರು ವಾರದ ಗಡುವು ಕೊಟ್ಟರು. ದೊಡ್ಡಣ್ಣನಿಗೆ ಮುಟ್ಟುವ ಹಂಗು ಇನ್ನಿಲ್ಲವಾದ್ದರಿಂದ ವಿಮಾನವನ್ನು ಮತ್ತೆ ಬೆಳಗಿನ ಆರೂವರೆಗೆ ತಂದೆ. ಆ ಆರು ವಾರದಲ್ಲಿ ಅಕ್ಕ ಮೊದಲು ಎರಡನೇ ಮಹಡಿಯಲ್ಲಿ ಕೂರತೊಡಗಿದಳು, ಆಮೇಲೆ ಒಂದನೆಯದರಲ್ಲಿ, ಆಮೇಲೆ ಕೆಳಗೆ ಇಳಿಯುವುದನ್ನೇ ಬಿಟ್ಟಳು.

ಕೊನೆಯ ಶುಕ್ರವಾರ ಬೆಳಿಗ್ಗೆ ಬೇಗ ಕೆಲಸಕ್ಕೆ ಹೋಗಿದ್ದೆ. ಹೊರಗೆ ತಣ್ಣನೆಯ ಗಾಳಿ ಬೀಸುತ್ತಿತ್ತು. ಆರು ಗಂಟೆಗೆ ಕೆಳಗಿನಿಂದ ಫೋನು ಬಂತು. ಅವತ್ತು ಕಿರುಚಾಡಿದ ಮೇಲೆ ಮೇಷ್ಟ್ರು ನನ್ನೊಡನೆ ಮಾತಾಡಿದ್ದು ಅದೇ ಮೊದಲು.

"ಇಪ್ಪತ್ತೊಂದು ಡಿಗ್ರಿ ಇದೆ ತಾಯಿ. ಎಪ್ಪತ್ತನಾಲ್ಕು ಜನ ಮಾತ್ರ. ಎಷ್ಟು ಮಂದಿ ಬೇಕಾದ್ರೂ ಹತ್ತಿಸ್ತೀನಿ ಇವತ್ತು." ಕಾಗದ ಮಗುಚಿದ ಸದ್ದು ಕೇಳಿಸಿತು. "ಪಾಸಿನವರು ಯಾರಾದ್ರೂ ಇದ್ದಾರಾ?"

"ಯಾರೂ ಇಲ್ಲ ಮೇಷ್ಟ್ರೇ," ಎಂದೆ. "ಬಾಗಿಲು ಹಾಕ್ಸಿ."